ಎರಡು ಗಂಟೆಯ ರೀಡಿಂಗ್

ಆಗಸ್ಟ್ ತಿಂಗಳ ಒಂದು ರಾತ್ರಿ. ಒಂಬತ್ತು ದಾಟಿತ್ತು, ಮಳೆ ಹಿಡಿದುಕೊಂಡೇ ಇತ್ತು. ಖಾನಾಪುರ ಕಡೆಯ ಒಬ್ಬ ವಿದ್ಯಾರ್ಥಿ ಫೋನ್ ಮಾಡಿದ. ಮೆಕ್ಯಾನಿಕಲ್ ವಿಭಾಗದ ಹುಡುಗ, ಆರನೇ ಸೆಮಿಸ್ಟರ್ ಮುಗಿಸಿ ರಜೆಯಲ್ಲಿ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದ. ನಾಲ್ಕು ವಾರದಲ್ಲಿ ಮೂರು ವಾರ ಕಳೆದಿತ್ತು. "ಸರ, ನನ್ನ ಕಡೆಯಿಂದ ಒಂದು ತಪ್ಪು ಆಗೇತಿ. ಹೇಳಬೇಕೋ ಬ್ಯಾಡೋ ಕೇಳೂಣು ಅಂತ ಫೋನ್ ಮಾಡೀನ್ರಿ" ಎಂದ.

ಆ ವರ್ಷ ನಮ್ಮ ವಿಭಾಗದ ಇಂಟರ್ನ್‌ಶಿಪ್ ಉಸ್ತುವಾರಿ ನನ್ನದಾಗಿತ್ತು. ಅವನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಪ್ಪು. ಮೊದಲ ಇಂಟರ್ನ್‌ಶಿಪ್ ಹುಡುಕುವ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಯಾರಾದರೂ ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಕರೆ. ಅದನ್ನು ಬಿಟ್ಟು ಬೇರೆ ಬುದ್ಧಿಮಾತು ಹೇಳಲು ನನಗೆ ಬಾಯಿ ಬರುವುದಿಲ್ಲ.

ಫೌಂಡ್ರಿ ಕಂಡಿರದವರಿಗೆ ಸ್ವಲ್ಪ ವಿವರಿಸಬೇಕು. ಅಲ್ಲಿ ಬೀಡು ಕಬ್ಬಿಣವನ್ನು ಕರಗಿಸಿ, ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಮರಳಿನ ಅಚ್ಚಿಗೆ ಸುರಿಯುತ್ತಾರೆ. ಸಿಲಿಕಾ ಮರಳಿಗೆ ಬೆಂಟೊನೈಟ್ ಜೇಡಿ, ಕಲ್ಲಿದ್ದಲ ಪುಡಿ, ನೀರು ಬೆರೆಸಿ, ಮಲ್ಲರ್ ಎಂಬ ಯಂತ್ರದಲ್ಲಿ ಅರೆದು ಹದ ಮಾಡಿದ ಮರಳು ಅದು. ಹೆಸರು ಗ್ರೀನ್ ಸ್ಯಾಂಡ್, ಬಣ್ಣ ಕಪ್ಪು. ನೀರು ಕಡಿಮೆಯಾದರೆ ಅಚ್ಚು ಉದುರುತ್ತದೆ. ಹೆಚ್ಚಾದರೆ, ಕಾದ ಲೋಹ ತಾಗಿದ ಕ್ಷಣ ಆ ನೀರು ಆವಿಯಾಗುತ್ತದೆ. ಹೊರಗೆ ದಾರಿ ಸಿಗದ ಆವಿ ಲೋಹದೊಳಗೇ ನುಗ್ಗಿ ಗುಳ್ಳೆಯಾಗಿ ಕೂರುತ್ತದೆ. ಬ್ಲೋಹೋಲ್ ಅನ್ನುವುದು ಇದಕ್ಕೇ. ಮೇಲೆ ನಯವಾಗಿ ಕಾಣುವ ಎರಕದ ಒಳಗೆ ಗುಳ್ಳೆ ಅಡಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಗಿರಾಕಿಯ ಮಷಿನ್ ಶಾಪಿನಲ್ಲಿ ಮೇಲಿನ ಪದರ ಕೆತ್ತಿದಾಗ ಬಾಯಿ ತೆರೆಯುತ್ತದೆ. ಹಾಗಾಗಿ ಮರಳಿನ ತೇವಾಂಶವನ್ನು ಶೇಕಡಾ ಮೂರೂವರೆ, ನಾಲ್ಕರ ಆಸುಪಾಸು ಹಿಡಿದಿಡುವುದು ಒಂದು ಸಣ್ಣ ಫೌಂಡ್ರಿಗೆ ಅನ್ನದ ಪ್ರಶ್ನೆ.

ನಮ್ಮ ಹುಡುಗನಿಗೆ ಕೊಟ್ಟಿದ್ದು ಅದೇ ಕೆಲಸ. ಎರಡು ತಾಸಿಗೊಮ್ಮೆ ಒಂದು ಹಿಡಿ ಮರಳು ತಂದು, ಪುಟ್ಟ ತಕ್ಕಡಿಯಲ್ಲಿ ಕೆಲವೇ ಗ್ರಾಂ ತೂಗಿ, ಲೋಹದ ಬಾಟಲಿಗೆ ಹಾಕಬೇಕು. ಅದಕ್ಕೆ ಕ್ಯಾಲ್ಸಿಯಂ ಕಾರ್ಬೈಡ್ ಪುಡಿ ಸೇರಿಸಿ ಮುಚ್ಚಳ ಬಿಗಿದು ಅಲ್ಲಾಡಿಸಬೇಕು. ಮರಳಿನಲ್ಲಿರುವ ನೀರು ಕಾರ್ಬೈಡ್‌ಗೆ ತಾಗಿ ಅಸಿಟಿಲೀನ್ ಅನಿಲ ಹುಟ್ಟುತ್ತದೆ, ಅದರ ಒತ್ತಡಕ್ಕೆ ಬಾಟಲಿಯ ಬುಡದಲ್ಲಿರುವ ಗೇಜಿನ ಮುಳ್ಳು ಏರುತ್ತದೆ. ಮುಳ್ಳು ನಿಂತಲ್ಲಿ ಓದಿ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಮುಚ್ಚಳ ಬಿಚ್ಚಿದಾಗ ಬೆಳ್ಳುಳ್ಳಿಯಂಥ ಘಾಟು. ರಾತ್ರಿ ಊಟಕ್ಕೆ ಕೂತರೂ ಕೈಯಿಂದ ಆ ವಾಸನೆ ಹೋಗುವುದಿಲ್ಲ ಎಂದು ಮೊದಲ ವಾರ ಹೇಳಿದ್ದ. ಹೇಳುವಾಗ ದನಿಯಲ್ಲಿ ಒಂದು ಹೆಮ್ಮೆ ಇತ್ತು.

ಆ ಮರಳಿನ ಉಸ್ತುವಾರಿಗೆ ಒಬ್ಬ ಹಿರಿಯ ಕೆಲಸಗಾರರಿದ್ದರು. ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ಮಲ್ಲರ್ ಪಕ್ಕ ನಿಂತವರು. ಅರ್ಧ ಮರಾಠಿ, ಅರ್ಧ ಕನ್ನಡ. ಎಲ್ಲರಿಗೂ ಅವರು ಮಾಮಾ. ಮಾಮಾ ಮರಳನ್ನು ಮುಷ್ಟಿಯಲ್ಲಿ ಹಿಡಿದು ಹಿಚುಕಿ, ಬೆರಳಿನ ಗೆರೆ ಎಷ್ಟು ಚೂಪಾಗಿ ಮೂಡಿದೆ ನೋಡಿ, ಆ ಮುದ್ದೆಯನ್ನು ಕಡ್ಡಿಯ ಹಾಗೆ ಮುರಿದು, ಮುರಿದ ಅಂಚು ನೋಡಿ, ಅಂಗೈಗೆ ಮರಳು ಅಂಟಿದೆಯೋ ಇಲ್ಲವೋ ನೋಡಿ ಒಂದು ಅಂಕಿ ಹೇಳುತ್ತಿದ್ದರು. ಬಾಟಲಿ ಹೇಳುವ ಅಂಕಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸ. ಆದ್ದರಿಂದ ಕೆಲಸದ ಗಡಿಬಿಡಿಯಲ್ಲಿ ಎಷ್ಟೋ ಸಲ ಬಾಟಲಿ ಮುಟ್ಟದೆಯೇ ರಿಜಿಸ್ಟರ್ ತುಂಬುತ್ತಿತ್ತು. "ದಿನಾ ಅದ ಬರ್ತೈತಿ, ಬರದ ಬಿಡು" ಎಂದು ಹುಡುಗನಿಗೂ ಒಂದೆರಡು ಸಲ ಹೇಳಿದ್ದರು.

ಆ ತಪ್ಪು ನಡೆದ ದಿನ ಮಾಮಾ ಅರ್ಧ ದಿನ ರಜೆ, ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದರು. ಬೆಳಗಿನಿಂದ ಮಳೆ. ತಗಡಿನ ಚಾವಣಿ ಒಂದು ಕಡೆ ಸೋರುತ್ತಿತ್ತು, ಅದರ ಕೆಳಗೇ ಒಮ್ಮೆ ಬಳಸಿ ವಾಪಸು ಬಂದ ಮರಳಿನ ರಾಶಿ. ಮಧ್ಯಾಹ್ನ ಎರಡಕ್ಕೆ ರೀಡಿಂಗ್ ತೆಗೆಯಬೇಕು. ಅದೇ ಹೊತ್ತಿಗೆ ಫರ್ನೇಸಿನಿಂದ ಲೋಹ ಇಳಿಸುತ್ತಿದ್ದರು. ಕರಗಿದ ಕಬ್ಬಿಣ ಲ್ಯಾಡಲ್‌ಗೆ ಬೀಳುವುದನ್ನು ಒಮ್ಮೆ ನೋಡಿದವರಿಗೆ ಗೊತ್ತು, ಕಣ್ಣು ಕೀಳಲಾಗುವುದಿಲ್ಲ. ಹುಡುಗ ನೋಡುತ್ತ ನಿಂತ. ವಾಪಸು ಬಂದಾಗ ಎರಡೂ ನಲವತ್ತು. ಬಾಟಲಿ ತೆಗೆಯಲಿಲ್ಲ. ಮೇಲಿನ ಸಾಲಿನಲ್ಲಿ 3.6 ಇತ್ತು, ಇವನೂ 3.6 ಎಂದು ಬರೆದು ಸಹಿ ಹಾಕಿದ.

ಮೂರು ದಿನದ ಮೇಲೆ ಗಿರಾಕಿಯಿಂದ ಮಾಲು ವಾಪಸು ಬಂತು. ಪಂಪಿನ ಕೇಸಿಂಗ್, ಎಂಬತ್ತರಲ್ಲಿ ಮೂವತ್ತೊಂದು ಗುಳ್ಳೆಬಿದ್ದವು. ಯಾವ ದಿನದ, ಯಾವ ಹೊತ್ತಿನ ಎರಕ ಎಂದು ಲೆಕ್ಕ ಹಾಕಿದಾಗ ಅದೇ ಮಧ್ಯಾಹ್ನಕ್ಕೆ ಬಂದು ನಿಂತಿತು. ಮಾಲಕರು ಮರಳಿನ ರಿಜಿಸ್ಟರ್ ತರಿಸಿ ನೋಡಿದರು. ಆ ಹೊತ್ತಿನವರೆಗಿನ ಎಲ್ಲ ಸಾಲಿನಲ್ಲೂ 3.6, 3.5, 3.6. ಮರಳಿನಲ್ಲಿ ದೋಷವಿಲ್ಲ. ಹಾಗಾದರೆ ಅಚ್ಚು ಕಟ್ಟಿದವನದೇ ತಪ್ಪು, ಗಾಳಿ ಹೋಗಲು ರಂಧ್ರ ಸರಿಯಾಗಿ ಚುಚ್ಚಿಲ್ಲ ಎಂದು ತೀರ್ಮಾನವಾಯಿತು. ಮೋಲ್ಡರ್ ಒಬ್ಬನನ್ನು ಎಲ್ಲರ ಮುಂದೆ ನಿಲ್ಲಿಸಿ ಬೈದರು. ಅವನು ತಲೆ ತಗ್ಗಿಸಿಕೊಂಡು ನಿಂತಿದ್ದನ್ನು ಹುಡುಗ ಹತ್ತು ಹೆಜ್ಜೆ ದೂರದಿಂದ ನೋಡಿದ.

ಇಷ್ಟನ್ನೂ ಅವನು ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದ. ನಾನು ಕೇಳಿದ ಮೊದಲ ಪ್ರಶ್ನೆ: "ಸರ್ಟಿಫಿಕೇಟ್ ಕೈಗೆ ಬಂತಾ?"

ಬಂದಿರಲಿಲ್ಲ. ನನ್ನ ಎರಡನೇ ಪ್ರಶ್ನೆ: "ನಿನ್ನ ಮರಳಿನಿಂದಲೇ ಹಾಗಾಯಿತು ಅಂತ ಏನು ಖಾತ್ರಿ? ಅಚ್ಚಿನೊಳಗಿನ ಕೋರ್ ಹಸಿ ಇದ್ದಿರಬಹುದು, ಲೋಹ ತಣ್ಣಗಾಗಿರಬಹುದು." ಶಾಸ್ತ್ರದ ಪ್ರಕಾರ ನಾನು ಹೇಳಿದ್ದು ಸುಳ್ಳಲ್ಲ, ಗುಳ್ಳೆ ಬೀಳಲು ನೂರು ಕಾರಣ. ಆಮೇಲೆ ಹೇಳಿದೆ: "ಇನ್ನೊಂದು ವಾರ ಸುಮ್ಮನಿರು. ಸರ್ಟಿಫಿಕೇಟ್ ತಗೊಂಡು ಬಾ. ಮುಂದೆ ನೋಡೋಣ. ಪಾಪ, ಆ ಮಾಮಾನ ಹೊಟ್ಟೆಯ ಮೇಲೂ ಹೊಡೀಬೇಡ."

ಕೊನೆಯ ಮಾತು ಕರುಣೆಯಂತೆ ಕೇಳಿಸುತ್ತದೆ. ಅದು ಕರುಣೆಯಾಗಿರಲಿಲ್ಲ. ನನ್ನ ಸಲಹೆಗೆ ಒಂದು ಗೌರವದ ಹೊದಿಕೆ ಬೇಕಿತ್ತು, ಮಾಮಾನ ಹೆಸರು ಅದಕ್ಕೆ ಒದಗಿತು. ಬೈಸಿಕೊಂಡ ಮೋಲ್ಡರ್‌ನ ಹೊಟ್ಟೆಯ ಮಾತು ನನ್ನ ಬಾಯಿಗೆ ಬರಲೇ ಇಲ್ಲ ಎಂಬುದು ಫೋನ್ ಇಟ್ಟ ಎಷ್ಟೋ ಹೊತ್ತಿನ ಮೇಲೆ ನನಗೆ ಹೊಳೆಯಿತು. ಆಗಲೂ ನಾನು ತಿರುಗಿ ಫೋನ್ ಮಾಡಲಿಲ್ಲ.

ಆ ರಾತ್ರಿ ನನ್ನ ನಾಲಿಗೆ ಹಾಗೇಕೆ ಹೊರಳಿತು ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಸರ್ಟಿಫಿಕೇಟ್ ಎಂಬ ಕಾಗದವನ್ನು ಕಾಯುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಹೇಗೆ ಎಂದು ಹೇಳಿದರೆ ಈಗಿನ ವಿದ್ಯಾರ್ಥಿಗಳಿಗೆ ತಾವು ಎಂಥ ಸಂತೆಯ ನಡುವೆ ನಿಂತಿದ್ದೇವೆ ಎಂಬುದೂ ತಿಳಿಯುತ್ತದೆ.

2018ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ತನ್ನ ಮಾದರಿ ಪಠ್ಯಕ್ರಮದಲ್ಲಿ ಎಂಜಿನಿಯರಿಂಗ್ ಪದವಿಯ ಒಟ್ಟು ಕ್ರೆಡಿಟ್‌ಗಳನ್ನು 160ಕ್ಕೆ ಇಳಿಸಿ, ಇಂಟರ್ನ್‌ಶಿಪ್ಪನ್ನು ಅದರೊಳಗೆ ಕಡ್ಡಾಯ ಮಾಡಿತು. ಉದ್ದೇಶ ಒಳ್ಳೆಯದೇ. ವೈದ್ಯರಿಗೆ ಇದು ಹಳೆಯ ಪದ್ಧತಿ. ಎಂಬಿಬಿಎಸ್ ಪರೀಕ್ಷೆ ಪಾಸಾದರೂ ಹನ್ನೆರಡು ತಿಂಗಳು ವಾರ್ಡುಗಳಲ್ಲಿ ದುಡಿಯದೆ ಪೂರ್ಣ ನೋಂದಣಿ ಇಲ್ಲ. ವಕೀಲರಿಗೂ ಇದೆ, ಬಾರ್ ಕೌನ್ಸಿಲ್‌ನ 2008ರ ನಿಯಮಗಳ ಪ್ರಕಾರ ಮೂರು ವರ್ಷದ ಕಾನೂನು ಪದವಿಗೆ ಕನಿಷ್ಠ 12 ವಾರ, ಐದು ವರ್ಷದ್ದಕ್ಕೆ 20 ವಾರ. ಆದರೆ ವೈದ್ಯಕೀಯ ಕಾಲೇಜಿಗೆ ಬೆನ್ನಿಗೆ ಆಸ್ಪತ್ರೆಯೇ ಇರುತ್ತದೆ, ಎಂಜಿನಿಯರಿಂಗ್ ಕಾಲೇಜಿನ ಬೆನ್ನಿಗೆ ಕಾರ್ಖಾನೆ ಇಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಡಿ ಇನ್ನೂರರ ಆಸುಪಾಸು ಕಾಲೇಜುಗಳಿವೆ. ಅಷ್ಟೂ ಕಡೆಯ ಮಕ್ಕಳು ಒಂದೇ ರಜೆಯಲ್ಲಿ ಬಾಗಿಲು ಬಡಿಯಲು ಹೊರಟರೆ ತೆರೆಯುವ ಬಾಗಿಲು ಎಷ್ಟು?

ಆ ಕೊರತೆಯಲ್ಲಿ ಅಂಗಡಿಗಳು ಹುಟ್ಟಿದವು. ಕೆಲವು ಸಾವಿರ ರೂಪಾಯಿ ಕಟ್ಟಿದರೆ ನಾಲ್ಕು ವಾರದ 'ಆನ್‌ಲೈನ್ ಇಂಟರ್ನ್‌ಶಿಪ್', ಒಂದಿಷ್ಟು ವಿಡಿಯೊ, ಸಿದ್ಧ ಪ್ರಾಜೆಕ್ಟ್ ಫೈಲು, ಬಣ್ಣದ ಸರ್ಟಿಫಿಕೇಟ್. ವಾಟ್ಸಾಪ್ ಗುಂಪುಗಳಲ್ಲಿ ಇದರ ಜಾಹೀರಾತು ಹರಿದಾಡುತ್ತದೆ. ಹತ್ತು ಜನರನ್ನು ಸೇರಿಸಿದವನಿಗೆ ಫೀಸು ಮಾಫಿ. ಆ ಕರೆಯ ಹಿಂದಿನ ವರ್ಷ ನನ್ನ ಮೇಜಿಗೆ ಬಂದ ವರದಿಗಳಲ್ಲಿ ನಲವತ್ತರ ಹತ್ತಿರ ವರದಿಗಳು ಒಂದೇ ಅಚ್ಚಿನವು. ಎಲ್ಲದರಲ್ಲೂ ಹದಿನೇಳನೇ ಪುಟದ ಚಿತ್ರದ ಕೆಳಗೆ ಅದೇ ಕಾಗುಣಿತದ ತಪ್ಪು. ಒಂದರಲ್ಲಿ ಬೇರೊಂದು ಕಾಲೇಜಿನ ಹೆಸರು ಅಳಿಸದೇ ಉಳಿದಿತ್ತು. ನಾನು ಕಂಡೆ, ಕಂಡೂ ಸಹಿ ಹಾಕಿದೆ. ಪುಟಗಳ ಸಂಖ್ಯೆ ಸರಿ, ಬೈಂಡಿಂಗ್ ಸರಿ, ಮೊದಲ ಪುಟದ ಬಣ್ಣ ಸರಿ. ಸಹಿ ಹಾಕದಿದ್ದರೆ ನಲವತ್ತು ಮಕ್ಕಳ ವರ್ಷ ಹಾಳಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ನಿಜ. ಆದರೆ ಹಾಗೆ ನಲವತ್ತು ಸಲ ಓಡಿದ ಪೆನ್ನು ನಲವತ್ತೊಂದನೇ ಸಲ, ನಿಜವಾಗಿ ದುಡಿದ ಹುಡುಗನೊಬ್ಬ ನಿಜವಾದ ಪ್ರಶ್ನೆ ಕೇಳಿದಾಗ, ತಾನಾಗಿಯೇ ನೆಟ್ಟಗಾಗುತ್ತದೆ ಎಂದು ನಂಬಿಕೊಂಡಿದ್ದು ನನ್ನ ದೊಡ್ಡ ತಪ್ಪು.

ಮರುದಿನ ಬೆಳಿಗ್ಗೆ ಹುಡುಗ ನನ್ನ ಮಾತು ಮೀರಿದ.

ಶಿಫ್ಟ್ ಶುರುವಾಗುವ ಮೊದಲೇ ಹೋಗಿ ಮಾಮಾನನ್ನು ಹುಡುಕಿ ವಿಷಯ ಹೇಳಿದ. ಮಾಮಾ ಬೀಡಿ ಆರಿಸಿ ಬಹಳ ಹೊತ್ತು ಸುಮ್ಮನಿದ್ದರಂತೆ. ಆಮೇಲೆ, "ನನ್ನ ಹೆಸರು?" ಎಂದು ಕೇಳಿದರಂತೆ. "ನಿಮ್ಮ ಹೆಸರು ಎತ್ತೂದಿಲ್ರಿ. ಎರಡು ಗಂಟೇದು ನಾ ಬರದದ್ದು, ಅದಷ್ಟ ಹೇಳ್ತೀನಿ" ಎಂದ ಇವನು. ಹತ್ತು ಗಂಟೆಗೆ ಮಾಲಕರು ಬಂದರು. ರಿಜಿಸ್ಟರ್ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟು, ಇದು ಪರೀಕ್ಷೆ ಮಾಡಿ ಬರೆದ ಅಂಕಿ ಅಲ್ಲ ಎಂದ.

ಮಾಲಕರು ದೊಡ್ಡ ಮನಸ್ಸು ಮಾಡಿ ಬೆನ್ನು ತಟ್ಟಿದರು ಎಂದು ಬರೆಯಲು ನನಗೂ ಆಸೆ. ಅವರು ಕೂಗಾಡಿದರು. ಕೆಟ್ಟ ಎರಕವನ್ನು ಮತ್ತೆ ಕರಗಿಸಬಹುದು, ಆದರೆ ವಿದ್ಯುತ್ತು ಹೋಯಿತು, ಕೂಲಿ ಹೋಯಿತು, ಗಿರಾಕಿ ಕೆತ್ತಿದ ಮಷಿನ್ ಖರ್ಚು ತಲೆಗೆ ಬಂತು, ಆ ಗಿರಾಕಿಯ ಮುಂದೆ ಮುಖವೂ ಹೋಯಿತು. ಕಾಲೇಜಿನ ಹುಡುಗರನ್ನು ಒಳಗೆ ಬಿಟ್ಟಿದ್ದೇ ತಪ್ಪು ಎಂದು ಅವನನ್ನು ಮನೆಗೆ ಕಳಿಸಿದರು. ಎರಡು ದಿನ ಬಿಟ್ಟು ಕರೆಸಿ, ಉಳಿದ ದಿನಗಳನ್ನು ಮುಗಿಸಲು ಬಿಟ್ಟರು. ಸರ್ಟಿಫಿಕೇಟ್ ಹತ್ತು ದಿನ ತಡವಾಗಿ ಬಂತು. ವರದಿ ತಡವಾಗಿದ್ದಕ್ಕೆ ನಿಯಮದಂತೆ ಅವನ ಅಂಕ ಕಡಿತವಾಯಿತು. ಕಡಿತ ಮಾಡಿದ್ದು ನಾನೇ. ಬಣ್ಣದ ಕಾಗದ ಕೊಂಡು ತಂದವರಿಗೆ ಅವನಿಗಿಂತ ಹೆಚ್ಚು ಅಂಕ ಬಂತು. ಇದನ್ನು ಮುಚ್ಚಿಟ್ಟು ನಿಮಗೆ ಪ್ರಾಮಾಣಿಕತೆಯ ಪಾಠ ಹೇಳಿದರೆ, ನಿಮ್ಮ ಮೊದಲ ಪೆಟ್ಟು ಬಿದ್ದ ದಿನ ನೀವು ನನ್ನನ್ನೂ ಆ ಪಾಠವನ್ನೂ ಒಟ್ಟಿಗೆ ಬೈಯುತ್ತೀರಿ.

ಮಾಲಕರ ಕೋಣೆಯಿಂದ ಹೊರಬಿದ್ದವನೇ ಹುಡುಗ ಆ ಮೋಲ್ಡರ್ ಹತ್ತಿರ ಹೋಗಿ ವಿಷಯ ಹೇಳಿದ. ಮೋಲ್ಡರ್ ಮಂಡಿಯೂರಿ ಅಚ್ಚಿನ ಪೆಟ್ಟಿಗೆ ತುಂಬುತ್ತಿದ್ದ. ಕೇಳಿಸಿಕೊಂಡ, ಇವನ ಮುಖ ನೋಡಿದ, "ಚಹಾ ಕುಡದಿ ಏನು?" ಎಂದು ಕೇಳಿ ಮತ್ತೆ ಕೆಲಸಕ್ಕೆ ಬಗ್ಗಿದ.

ಈ ಪ್ರಕರಣದಲ್ಲಿ ನಾನು ತಿರುತಿರುಗಿ ಬಂದು ನಿಲ್ಲುವ ಜಾಗ ಬೇರೆ. ಮಾಮಾ ಬಾಟಲಿ ಮುಟ್ಟದೆ ಬರೆದ ಅಂಕಿಗೂ ಹುಡುಗ ಬಾಟಲಿ ಮುಟ್ಟದೆ ಬರೆದ ಅಂಕಿಗೂ ಏನು ಅಂತರ? ಮೊದಮೊದಲು ಅನ್ನಿಸುತ್ತಿತ್ತು: ಮಾಮಾನ ಅಂಗೈಯೇ ಒಂದು ಉಪಕರಣ, ಅದರ ಹಿಂದೆ ಸಾವಿರಾರು ಮುಷ್ಟಿ ಮರಳು ಇದೆ. ಹುಡುಗನ ಪೆನ್ನಿನ ಹಿಂದೆ ಮೇಲಿನ ಸಾಲು ಬಿಟ್ಟರೆ ಏನೂ ಇರಲಿಲ್ಲ. ಹಿರಿಯರ ಅಂದಾಜು ಕಿರಿಯರ ಕೈಗೆ ಬಂದಾಗ ಸುಳ್ಳಾಗಿಬಿಡುತ್ತದೆ. ಮೊದಲ ಸಲ ಕೆಲಸದ ಜಾಗಕ್ಕೆ ಹೋಗುವವರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಅಲ್ಲಿ ಪಳಗಿದವರು ಅಡ್ಡದಾರಿ ಹಿಡಿಯುವುದನ್ನು ಕಾಣುತ್ತೀರಿ, ಅವರಿಗೆ ಅದು ದಕ್ಕುವುದನ್ನೂ ಕಾಣುತ್ತೀರಿ. ಅವರಿಗೆ ದಕ್ಕುವುದು ಅವರು ಉದ್ದದ ದಾರಿಯನ್ನು ಸಾವಿರ ಸಲ ನಡೆದಿರುವುದರಿಂದ.

ಆದರೆ ಅಷ್ಟಕ್ಕೇ ಮಾಮಾನನ್ನು ಬಿಟ್ಟುಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ರಿಜಿಸ್ಟರಿನ ಆ ಕಾಲಂ 'ರೀಡಿಂಗ್' ಎಂದು ಹೇಳುತ್ತದೆ, 'ಅಂದಾಜು' ಎಂದಲ್ಲ. ಅದನ್ನು ಓದುವವನು ಮುಳ್ಳು ಅಲ್ಲಿಗೆ ಏರಿ ನಿಂತಿತ್ತು ಎಂದೇ ನಂಬುತ್ತಾನೆ. ಮಾಮಾ ತಪ್ಪದ ಅಂಕಿಯನ್ನೇ ಬರೆದರೂ ಆ ನಂಬಿಕೆಯನ್ನು ಸ್ವಲ್ಪ ಸ್ವಲ್ಪವಾಗಿ ಖರ್ಚು ಮಾಡುತ್ತಿದ್ದರು. ಆ ಖರ್ಚಿನ ಲೆಕ್ಕ ಬಂದು ಬಿದ್ದದ್ದು ಮೋಲ್ಡರ್‌ನ ತಲೆಯ ಮೇಲೆ.

ಹಾಗಾದರೆ ಹುಡುಗ ಮಾಮಾನ ಹೆಸರನ್ನೂ ಹೇಳಬೇಕಿತ್ತೆ? ತನ್ನ ಸಾಲಿನ ಮೇಲೆ ಮಾತ್ರ ಬೆರಳಿಟ್ಟಿದ್ದು ಅರ್ಧ ಸತ್ಯವೆ? ಮಾಲಕರಿಗೆ ಉಳಿದ ಸಾಲುಗಳೆಲ್ಲ ಸರಿ ಇವೆ ಎಂಬ ಭಾವನೆ ಉಳಿದುಬಿಟ್ಟಿತಲ್ಲ. ಇದರ ಬಗ್ಗೆ ಸಹೋದ್ಯೋಗಿಗಳ ಜೊತೆ ವಾದ ಮಾಡಿದ್ದೇನೆ. ನನ್ನ ತೀರ್ಪು ಇದು: ಇಪ್ಪತ್ತು ವರ್ಷದ ಹುಡುಗ, ಮೂರು ವಾರ ನಿಂತ ಜಾಗದಲ್ಲಿ, ತನ್ನ ಸಹಿಗೆ ತಾನು ಹೊಣೆ ಹೊತ್ತ. ಇನ್ನೊಬ್ಬರ ತಪ್ಪೊಪ್ಪಿಗೆಯನ್ನು ಅವರ ಪರವಾಗಿ ಮಾಡುವ ಹಕ್ಕು ಅವನಿಗಿರಲಿಲ್ಲ. ಮಾಲಕರ ಬಳಿ ಹೋಗುವ ಮೊದಲು ಮಾಮಾಗೆ ಹೇಳಿ ಹೋದನಲ್ಲ, ಆ ಹೆಜ್ಜೆಯನ್ನು ನಾನು ತುಂಬ ಗೌರವಿಸುತ್ತೇನೆ. ಆದರೂ, ಗುಳ್ಳೆ ಬಿದ್ದ ಎರಕ ಪಂಪಿನದ್ದಾಗಿರದೆ ಒಂದು ವಾಹನದ ಬ್ರೇಕಿನದ್ದಾಗಿದ್ದರೆ ಇದೇ ತೀರ್ಪು ಕೊಡುತ್ತಿದ್ದೆನೇ ಎಂದು ಕೇಳಿಕೊಂಡರೆ, ಕೊಡುತ್ತಿರಲಿಲ್ಲ. ಆಗ ರಿಜಿಸ್ಟರ್ ಪೂರ್ತಿ ನಂಬಲರ್ಹವಲ್ಲ ಎಂದು ಹೇಳಲೇಬೇಕಿತ್ತು, ಯಾರ ಹೆಸರು ಬಂದರೂ ಸರಿ. ಹಾನಿ ಎಷ್ಟು ದೂರ ಮುಟ್ಟುತ್ತದೆ ಎಂಬುದನ್ನು ನೋಡದೆ ಇಂಥದರಲ್ಲಿ ಬಾಯಿ ಬಿಡುವುದೂ ತಪ್ಪು, ಮುಚ್ಚುವುದೂ ತಪ್ಪು.

ಇನ್ನು ಹುಡುಕಾಟದ ಮಾತು. ಈ ಹುಡುಗನಿಗೆ ಆ ಜಾಗ ಸಿಕ್ಕಿದ್ದು ಯಾರ ವಶೀಲಿಯಿಂದಲೂ ಅಲ್ಲ. ಖಾನಾಪುರ ರಸ್ತೆಯಲ್ಲಿ ಹೋದರೆ ಉದ್ಯಮಬಾಗ, ಇನ್ನೂ ಮುಂದೆ ಮಚ್ಛೆ. ವಿಶ್ವವಿದ್ಯಾಲಯದ ಜ್ಞಾನ ಸಂಗಮ ಆವರಣ ಇರುವುದೂ ಅಲ್ಲೇ ಮಚ್ಛೆಯಲ್ಲಿ, ಅದೇ ಮಚ್ಛೆಯಲ್ಲಿ ಕೈಗಾರಿಕಾ ಪ್ರದೇಶವೂ ಇದೆ. ಎಷ್ಟೋ ಮಕ್ಕಳು ಆ ರಸ್ತೆಯಲ್ಲಿ ಬಸ್ಸಿನಲ್ಲಿ ದಿನಾ ಓಡಾಡುತ್ತಾರೆ, ಇಂಟರ್ನ್‌ಶಿಪ್‌ಗೆ ಮಾತ್ರ ಬೆಂಗಳೂರಿನ ಕಡೆ ನೋಡುತ್ತಾರೆ. ಇವನು ಬಸ್ಸಿಳಿದು ಹದಿಮೂರು ಗೇಟುಗಳ ಮುಂದೆ ನಿಂತ. ಮೊದಲ ಹತ್ತರಲ್ಲಿ 'ಇಂಟರ್ನ್‌ಶಿಪ್ ಬೇಕು ಸರ್' ಎಂದ, ವಾಚ್‌ಮನ್ ಒಳಗೇ ಬಿಡಲಿಲ್ಲ. ಹನ್ನೊಂದನೆಯದರಿಂದ ಮಾತು ಬದಲಿಸಿದ: ನೀವು ಏನು ಎರಕ ಹೊಯ್ಯುತ್ತೀರಿ, ನನಗೆ ಮರಳಿನ ಪರೀಕ್ಷೆ ಲ್ಯಾಬಿನಲ್ಲಿ ಮಾಡಿ ಗೊತ್ತಿದೆ, ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆಯವರೆಗೆ ಇರುತ್ತೇನೆ, ಹೇಳಿದ್ದನ್ನು ಮಾಡುತ್ತೇನೆ. ಹದಿಮೂರನೆಯ ಗೇಟು ತೆರೆಯಿತು. ಇಮೇಲ್ ಬರೆಯುವುದಾದರೂ ಹೀಗೇ ಬರೆಯಿರಿ. 'ನಾನು ಶ್ರಮಜೀವಿ, ಕಲಿಯುವ ಹಂಬಲವುಳ್ಳವನು' ಎಂಬ ಸಾಲನ್ನು ಓದುವವರು ದಿನಕ್ಕೆ ಐವತ್ತು ಸಲ ಓದಿರುತ್ತಾರೆ. ಅವರು ಮಾಡುವ ಕೆಲಸ ನಿಮಗೆ ಏನು ಗೊತ್ತು, ಅದರಲ್ಲಿ ಯಾವ ಸಣ್ಣ ಭಾರ ಹೊರಬಲ್ಲಿರಿ, ಯಾವ ದಿನದಿಂದ ಯಾವ ದಿನದವರೆಗೆ. ಐದು ಸಾಲು ಸಾಕು.

ಹೆಣ್ಣುಮಕ್ಕಳಿಗೆ ಈ ಗೇಟುಗಳು ಇನ್ನೂ ಬಿಗಿ. 'ಇಲ್ಲಿ ಲೇಡೀಸ್ ಟಾಯ್ಲೆಟ್ ಇಲ್ಲಮ್ಮ' ಎಂಬ ಒಂದೇ ಮಾತಿನಲ್ಲಿ ವಾಪಸು ಕಳಿಸಿದ್ದನ್ನು ನನ್ನ ವಿದ್ಯಾರ್ಥಿನಿಯರು ಬಂದು ಹೇಳಿದ್ದಾರೆ. ಅದು ಅವರೊಬ್ಬರೇ ಬಡಿದು ತೆರೆಯಬೇಕಾದ ಬಾಗಿಲಲ್ಲ. ಕಾಲೇಜಿನವರು ಜೊತೆಗೆ ಹೋಗಿ ಮಾತಾಡಬೇಕು, ಹೋಗದಿದ್ದರೆ ಅದು ನಮ್ಮ ಲೋಪ.

ಹಣದ ಬಗ್ಗೆ ಒಂದು ಮಾತು ಖಡಾಖಂಡಿತ: ಇಂಟರ್ನ್‌ಶಿಪ್ಪಿನಲ್ಲಿ ದುಡ್ಡು ನಿಮ್ಮ ಜೇಬಿನಿಂದ ಅವರ ಜೇಬಿಗೆ ಹರಿಯುತ್ತಿದ್ದರೆ ಅದು ಇಂಟರ್ನ್‌ಶಿಪ್ ಅಲ್ಲ. ಅದು ತರಬೇತಿ ಕೋರ್ಸ್ ಆಗಿರಬಹುದು, ಒಳ್ಳೆಯ ಕೋರ್ಸೇ ಆಗಿರಬಹುದು. ಹಾಗಿದ್ದರೆ ಆ ಹೆಸರಿನಿಂದ ಕರೆದು ಕಲಿಯಿರಿ. ಸ್ಟೈಪೆಂಡ್ ಕೇಳುವುದು ಅಹಂಕಾರವಲ್ಲ. ಬಸ್ ಚಾರ್ಜು, ಮಧ್ಯಾಹ್ನದ ಊಟ ಇಷ್ಟಾದರೂ ಸಿಗುತ್ತದೆಯೇ ಎಂದು ಮೊದಲ ದಿನವೇ ಕೇಳಿ. ಮನೆಯಲ್ಲಿ ಹಣವಿದ್ದವರಷ್ಟೇ ಬಿಟ್ಟಿ ದುಡಿಯಬಲ್ಲರು ಎಂಬುದನ್ನು ಕೆಲಸ ಕೊಡುವವರೂ ತಿಳಿದಿರಬೇಕು. ಇಂಟರ್ನ್ ಬೇರೆ, ಅಪ್ರೆಂಟಿಸ್ ಬೇರೆ. ಅಪ್ರೆಂಟಿಸ್‌ಗೆ 1961ರ ಕಾಯ್ದೆಯಿದೆ, ಲಿಖಿತ ಒಪ್ಪಂದವಿದೆ. 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರೂ ಅದರೊಳಗೆ ಬಂದರು, 2019ರಲ್ಲಿ ಅವರ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000 ರೂಪಾಯಿ ಎಂದು ನಿಗದಿಯಾಯಿತು. ಓದುತ್ತಿರುವಾಗಿನ ಇಂಟರ್ನ್‌ಗೆ ಅಂಥ ಕಾಯ್ದೆಯ ಆಸರೆ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಬಗ್ಗೆಯೂ ಮಕ್ಕಳು ಕೇಳುತ್ತಾರೆ. ಶುರುವಾದಾಗ ಅದರಲ್ಲಿ ಹನ್ನೆರಡು ತಿಂಗಳು, ತಿಂಗಳಿಗೆ 5,000 ರೂಪಾಯಿ, ಮೇಲೆ ಒಂದು ಸಲ 6,000 ಇತ್ತು. ಆದರೆ ಅದನ್ನು ಪೂರ್ಣಾವಧಿ ಕಾಲೇಜಿನಲ್ಲಿರುವವರಿಗೆಂದು ಮಾಡಿದ್ದಲ್ಲ, ಓದು ಮುಗಿಸಿ ಕೆಲಸವಿಲ್ಲದೆ ಇರುವವರಿಗೆಂದು ಮಾಡಿದ್ದು.

ಜಾಗ ಒಪ್ಪಿಕೊಳ್ಳುವ ಮೊದಲು ನನ್ನ ವಿದ್ಯಾರ್ಥಿಗಳು ಈಗ ಒಂದು ಪ್ರಶ್ನೆ ಕೇಳುತ್ತಾರೆ, ನಾನೇ ಕೇಳಿ ಎನ್ನುತ್ತೇನೆ: ಇಲ್ಲಿ ನಾನು ತಪ್ಪು ಮಾಡಿದರೆ ಯಾರಿಗೆ ತೊಂದರೆಯಾಗುತ್ತದೆ? ಯಾರಿಗೂ ಆಗುವುದಿಲ್ಲ ಎಂಬ ಉತ್ತರ ಬಂದರೆ ನಾನು ಬೇರೆ ಜಾಗ ಹುಡುಕಲು ಹೇಳುತ್ತೇನೆ. ತರಗತಿಯಲ್ಲಿ ನಿಮ್ಮ ತಪ್ಪಿನ ಬೆಲೆಯನ್ನು ಕಟ್ಟುವವರು ನೀವೊಬ್ಬರೇ. ಅಂಕ ಹೋದರೆ ನಿಮ್ಮದೇ. ಕೆಲಸದ ಜಾಗದಲ್ಲಿ ಅದನ್ನು ಇನ್ನೊಬ್ಬ ಕಟ್ಟುತ್ತಾನೆ, ಹೆಚ್ಚಿನಂಶ ನಿಮಗಿಂತ ಕಡಿಮೆ ಓದಿದವನು, ತಲೆ ತಗ್ಗಿಸಿ ನಿಲ್ಲುವವನು. ಆ ಮನುಷ್ಯನ ಮುಖ ನೋಡುವ ದೂರದಲ್ಲಿ ನಾಲ್ಕು ವಾರ ನಿಂತು ಬನ್ನಿ. ಅದು ಫೌಂಡ್ರಿಯೇ ಆಗಬೇಕಿಲ್ಲ. ಹಾಲಿನ ಡೈರಿಯ ಪರೀಕ್ಷೆ ಕೋಣೆ ಆಗಬಹುದು, ವಕೀಲರ ಕಚೇರಿ, ಪತ್ರಿಕೆಯ ಡೆಸ್ಕು, ಲೆಕ್ಕಪರಿಶೋಧಕರ ಆಫೀಸು ಆಗಬಹುದು. ಹೆಸರು ದೊಡ್ಡದಿರುವ ಕಂಪನಿಯಲ್ಲಿ ಮೂಲೆಯ ಕುರ್ಚಿಯಲ್ಲಿ ಕೂತು ಸ್ಲೈಡ್ ತಿದ್ದಿದ್ದಕ್ಕಿಂತ, ಹೆಸರೇ ಇಲ್ಲದ ಶೆಡ್ಡಿನಲ್ಲಿ ಎರಡು ತಾಸಿಗೊಂದು ರೀಡಿಂಗ್ ಬರೆದಿದ್ದು ನಿಮ್ಮನ್ನು ಹೆಚ್ಚು ಬೆಳೆಸುತ್ತದೆ ಎಂದು ನಾನು ಹೇಳಿದಾಗ ಪಾಲಕರು ಒಪ್ಪುವುದಿಲ್ಲ. ನಾನು ಹೇಳುವುದನ್ನು ಬಿಟ್ಟಿಲ್ಲ.

ಇನ್ನೊಂದು: ದಿನಚರಿ ಬರೆಯಿರಿ, ಅವತ್ತಿನದನ್ನು ಅವತ್ತೇ. ಕೊನೆಯ ವಾರ ಕೂತು ನಾಲ್ಕು ವಾರದ್ದನ್ನು ಒಟ್ಟಿಗೆ ಬರೆಯುವುದು, ಬಾಟಲಿ ಅಲ್ಲಾಡಿಸದೆ 3.6 ಬರೆದಂತೆಯೇ.

ಸೆಪ್ಟೆಂಬರಿನಲ್ಲಿ ಹುಡುಗ ವರದಿ ತಂದ. ಇಪ್ಪತ್ತಾರು ಪುಟ, ನಿಗದಿಗಿಂತ ಕಡಿಮೆ. ಮರಳಿನ ನಮೂನೆಯ ಸಿಲಿಂಡರನ್ನು ಮೂರು ಪೆಟ್ಟಿನಲ್ಲಿ ಹೇಗೆ ಗಟ್ಟಿಸುತ್ತಾರೆ ಎಂಬುದಕ್ಕೆ ಕೈಯಲ್ಲೇ ಚಿತ್ರ ಬರೆದಿದ್ದ. ಮಾಮಾನ ಮುಷ್ಟಿ ಪರೀಕ್ಷೆಗೆ ಒಂದು ಪೂರ್ತಿ ಪುಟ, ಹೆಸರಿಲ್ಲದೆ. ಕಡೆಗೆ ದಿನಚರಿ. ಅದರ ಪ್ರತಿ ಪುಟದ ಕೆಳಗೂ ಮೇಲ್ವಿಚಾರಕರ ಸಹಿಗೆ ಒಂದು ಗೆರೆ, ಕಾಲೇಜಿನ ಮಾರ್ಗದರ್ಶಕರ ಸಹಿಗೆ ಒಂದು ಗೆರೆ.

ಒಂದು ಪುಟದ ಮೇಲೆ ಬೆರಳಿಟ್ಟು, "ಸರ, ಇದನ್ನ ಇಡ್ಲೋ ತೆಗೀಲೋ?" ಎಂದು ಕೇಳಿದ.

ನೋಡಿದೆ. 'ಮಧ್ಯಾಹ್ನ 2ರ ತೇವಾಂಶ ಪರೀಕ್ಷೆ ಮಾಡಲಿಲ್ಲ. ಫರ್ನೇಸ್ ನೋಡುತ್ತ ನಿಂತಿದ್ದೆ. ರಿಜಿಸ್ಟರಿನಲ್ಲಿ 3.6 ಎಂದು ಬರೆದೆ. ಮಳೆ ಇತ್ತು. ಸಂಜೆ 4ಕ್ಕೆ ಪರೀಕ್ಷೆ ಮಾಡಿದಾಗ 4.9 ಬಂತು, ಮಲ್ಲರ್‌ಗೆ ನೀರು ಕಡಿಮೆ ಮಾಡಿಸಿದೆ, ಎರಡರ ಅಂಕಿ ತಿದ್ದಲಿಲ್ಲ.' ಕೆಳಗೆ ಮೇಲ್ವಿಚಾರಕರ ಗೆರೆಯ ಮೇಲೆ ಮರಾಠಿಯಲ್ಲಿ ಒಂದು ಒರಟು ಸಹಿ ಇತ್ತು. ಮಾಮಾನದು.

ನಾನು ಆ ಪುಟವನ್ನು ಎರಡು ಸಲ ಓದಿದೆ. ಇರಲಿ ಎಂದೆ. ಆಮೇಲೆ ಮೊದಲ ಪುಟಕ್ಕೆ ತಿರುಗಿ, ಅವನನ್ನು ಎದುರಿಗೆ ಕೂರಿಸಿಕೊಂಡು ಇಪ್ಪತ್ತಾರು ಪುಟವನ್ನೂ ಓದಿದೆ. ಸಹಿ ಹಾಕುವ ಹೊತ್ತಿಗೆ ಕಾಲೇಜಿನ ಕೊನೆಯ ಬಸ್ಸು ಹೋಗಿತ್ತು, ಇಬ್ಬರೂ ಗೇಟಿನವರೆಗೆ ನಡೆದುಕೊಂಡು ಬಂದೆವು.